ದೆಸಿದೇರಿಯೋ ಹೆಣೆದ ಫೌಸ್ತೀನಾಳ ಚೀಲಗಳು

ಸಾಂತಾ ರುಫೀನಾದಲ್ಲಿ ಗಂಡಸಿನ ಮುಖ ನೋಡುವ ಮೊದಲು ಅವನ ಹೆಗಲಿನ ಚೀಲ ನೋಡುತ್ತಾರೆ. ಮುಖ ದೇವರು ಕೊಟ್ಟದ್ದು, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಚೀಲ ತಾನೇ ಹೆಣೆದುಕೊಂಡದ್ದು, ಅದಕ್ಕೆ ಕ್ಷಮೆಯಿಲ್ಲ. ಅಂಗಿಯ ಅಗಲವಾದ ಕೊರಳಪಟ್ಟಿಯನ್ನು ಹೆಂಡತಿ ಸೊಂಟಕ್ಕೆ ಬಿಗಿದುಕೊಳ್ಳುವ ಮಗ್ಗದಲ್ಲಿ ನೇಯುತ್ತಾಳೆ. ಕೆಂಪು ಪಟ್ಟೆಯ ಷರಾಯಿಯ ಬಟ್ಟೆಯೂ ಅವಳದೇ. ಹೀಗಾಗಿ ಗಂಡಸು ಬೀದಿಗಿಳಿದರೆ ಕೊರಳಿನಿಂದ ಕಾಲಿನವರೆಗೂ ಹೆಂಡತಿಯ ಜಾಹೀರಾತು. ಅವನದು ಅಂತ ಇರುವುದು ಹೆಗಲಿಗೆ ನೇತುಬಿದ್ದ ಆ ಚೀಲವೊಂದೇ.

ಈ ಚೀಲ ಹೆಣೆಯುವ ವಿದ್ಯೆಯಲ್ಲಿ ದೆಸಿದೇರಿಯೋ ಕಾಲ್ಮೋನನ್ನು ಮೀರಿಸಿದವರಿಲ್ಲ ಎಂಬುದು ಊರಿನವರ ಮಾತಲ್ಲ, ದೆಸಿದೇರಿಯೋನದೇ ಮಾತು. ಆದರೆ ಅವನು ಅದನ್ನು ಎಷ್ಟು ಕಾಲದಿಂದ ಹೇಳಿಕೊಂಡು ಬಂದಿದ್ದನೆಂದರೆ, ಎದುರಾಡಿ ಎದುರಾಡಿ ಊರಿಗೇ ಸಾಕಾಗಿತ್ತು. ಐವತ್ತು ದಾಟಿದ ಮನುಷ್ಯ. ಆಲೂಗಡ್ಡೆ ಹೊಲದ ಕೆಲಸ ಮುಗಿಸಿ, ಇಗರ್ಜಿಯ ಎದುರಿನ ಕಲ್ಲುಬೆಂಚಿಗೆ ಬಂದು, ಹ್ಯಾಟನ್ನು ಮೊಣಕಾಲಿನ ಮೇಲಿಟ್ಟು ಕೊಕ್ಕೆಕಡ್ಡಿ ಹೊರಗೆ ತೆಗೆದನೆಂದರೆ ನ್ಯಾಯಾಧೀಶರು ಪೀಠ ಏರಿದ ಹಾಗೆ. ಬೆಂಚಿನುದ್ದಕ್ಕೂ ಕೂತ ಗಂಡಸರೆಲ್ಲ ಹೆಣೆಯುತ್ತಿದ್ದರು. ಇವನು ಹೆಣೆಯುತ್ತಲೇ ತೀರ್ಪನ್ನೂ ಕೊಡುತ್ತಿದ್ದ.

"ಏನಯ್ಯಾ ಎವುಸೇಬಿಯೋ, ಅದೇನು ಕುದುರೇನೋ, ಮೇಜೋ?"

"ಕುದುರೆ ಕಣಯ್ಯಾ. ಕಣ್ಣು ಕಾಣಲ್ವಾ ನಿಂಗೆ?"

"ನಾಲ್ಕು ಕಾಲು ಕಾಣ್ತು. ಅದಕ್ಕೇ ಅನುಮಾನ ಬಂತು."

ಎವುಸೇಬಿಯೋ ಮಾತಿಯಾಸ್ ಉತ್ತರದ ದೇಶದ ಕೋಳಿ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದು, ಇಂಗ್ಲಿಷ್ ಕಲಿತು, ಊರಿಗೆ ಮರಳಿ ಎರಡು ಅಂತಸ್ತಿನ ಮನೆ ಕಟ್ಟಿಸಿದವನು. ಆದರೂ ಅವನ ಕುದುರೆಗಳು ಮೇಜಿನ ಮಟ್ಟ ದಾಟಿರಲಿಲ್ಲ. ಲೋಕದಲ್ಲಿ ನ್ಯಾಯ ಇನ್ನೂ ಸತ್ತಿಲ್ಲ ಅನ್ನುವುದಕ್ಕೆ ದೆಸಿದೇರಿಯೋಗೆ ಅಷ್ಟು ಸಾಕ್ಷಿ ಸಾಕಾಗಿತ್ತು.

ಅವನಿಗೆ ಈ ವಿದ್ಯೆ ಒಲಿದದ್ದು ಕುರಿ ಕಾಯುವ ವಯಸ್ಸಿನಲ್ಲಿ. ಅಪ್ಪ ಕಲಿಸಿದ ರೀತಿ ಬಹಳ ಸರಳ: ಮಗ ಹಗಲೆಲ್ಲ ಹೆಣೆದದ್ದನ್ನು ಸಂಜೆ ನೋಡುವುದು, ತಪ್ಪಿದ್ದರೆ ಮಾತಾಡದೆ ದಾರದ ತುದಿ ಹಿಡಿದು ಎಳೆಯುವುದು. ಹೆಣಿಗೆಯ ಜಾತಿಯೇ ಹಾಗೆ. ನೇಯ್ದ ಬಟ್ಟೆಯ ಹಾಗಲ್ಲ. ಒಂದು ಕೊಂಡಿ ಕಳಚಿದರೆ ಮಿಕ್ಕವೆಲ್ಲ ಅದರ ಹಿಂದೆಯೇ ಹೊರಟುಬಿಡುತ್ತವೆ. ಮುಂದೆ ಫೌಸ್ತೀನಾಳನ್ನು ಮದುವೆಗೆ ಕೇಳಲು ಹೋದಾಗ ಅವಳ ಅಪ್ಪ ಹುಡುಗನ ಕಡೆ ನೋಡಲೇ ಇಲ್ಲ. ಚೀಲ ಇಸಿದುಕೊಂಡು, ಒಳಗು ಹೊರಗು ಮಾಡಿ, ಬೆಳಕಿಗೆ ಹಿಡಿದು, ವಾಪಸು ಕೊಟ್ಟು "ಹೂಂ" ಅಂದ. ಆ "ಹೂಂ" ಅನ್ನು ದೆಸಿದೇರಿಯೋ ಇಂದಿಗೂ ಪದಕದಂತೆ ಎದೆಯ ಮೇಲೆ ಧರಿಸಿ ಓಡಾಡುತ್ತಿದ್ದ. ಫೌಸ್ತೀನಾ ಹೇಳುವುದೇ ಬೇರೆ.

"ನಮ್ಮಪ್ಪ ಹೆಣಿಗೆ ಎಲ್ಲಿ ನೋಡ್ದ? ಒಳಗೆ ಸಾರಾಯಿ ಬಾಟ್ಲಿ ಇದೆಯಾ ಅಂತ ನೋಡ್ದ."

ಊರಿನಲ್ಲಿ ನೇಯುವ ಹೆಂಗಸರದೊಂದು ಸಹಕಾರ ಸಂಘವಿತ್ತು. ಅದರ ಅಧ್ಯಕ್ಷೆ ಬಸಿಲಿಯಾ, ಗೌರವಕ್ಕೆ ಡೋನ್ಯಾ ಬಸಿಲಿಯಾ. ಅವಳ ಬಳಿ ಸಂಘದ ಮೊಹರು, ಕೈಯಿರುವ ಕುರ್ಚಿ, ಮತ್ತು ಇವೆರಡೂ ಇರುವವರಿಗೆ ತಾನಾಗಿ ಬರುವ ಕೆಮ್ಮು ಇದ್ದವು. ಸಂಘದವರು ಮಗ್ಗದಲ್ಲಿ ನೇಯ್ದ ಚೀಲಗಳನ್ನು ಕೊಳ್ಳುತ್ತಿದ್ದವಳು ಆಸ್ಟ್ರಿಡ್ ಎಂಬ ದೂರದೇಶದ ಹೆಂಗಸು. ಅವಳದು ನ್ಯಾಯದ ವ್ಯಾಪಾರ. ಅಂದರೆ ಚೀಲ ಕೊಂಡವರಿಗೆ ಅದರೊಳಗೆ ಸ್ವಲ್ಪ ಪುಣ್ಯವನ್ನೂ ಹಾಕಿ ಕೊಡುವ ವ್ಯಾಪಾರ. ಪ್ರತಿ ಚೀಲಕ್ಕೂ ಒಂದು ಚೀಟಿ. ಚೀಟಿಯಲ್ಲಿ ನೇಯ್ದವಳ ಫೋಟೋ, ಕೆಳಗೆ ಅವಳ ಬದುಕಿನ ಕಥೆ ಎರಡು ಸಾಲಿನಲ್ಲಿ. ಎರಡು ಸಾಲಿನಲ್ಲಿ ಮುಗಿಯದಂಥ ಬದುಕು ಇದ್ದವರ ಚೀಲ ಹೋಗುತ್ತಿರಲಿಲ್ಲ.

ಒಮ್ಮೆ ಆಸ್ಟ್ರಿಡ್ ಸಂಘಕ್ಕೆ ಬಂದಾಗ ಫೌಸ್ತೀನಾ ಸಂತೆಯಿಂದ ಈರುಳ್ಳಿ ಹೊತ್ತು ಬಂದಳು. ಈರುಳ್ಳಿ ಇದ್ದದ್ದು ಗಂಡ ಹೆಣೆದ ಹಳೆಯ ಚೀಲದಲ್ಲಿ. ಅದರ ಸುತ್ತ ಕುದುರೆಗಳು ಓಡುತ್ತಿದ್ದವು. ಆಸ್ಟ್ರಿಡ್ ಮೇಜಿನ ಮೇಲೆ ಹರಡಿದ್ದ ನೇಯ್ಗೆಯ ಚೀಲಗಳನ್ನೆಲ್ಲ ಮರೆತು, ಈರುಳ್ಳಿಯನ್ನು ನೆಲಕ್ಕೆ ಸುರಿದು, ಇಂಥದ್ದೇ ಬೇಕು ಅಂದುಬಿಟ್ಟಳು. ಅದೇ ಸಂಜೆ ಬಸಿಲಿಯಾ ದೆಸಿದೇರಿಯೋನ ಮನೆಗೆ ಬಂದಳು.

"ಡೋನ್ ದೆಸಿದೇರಿಯೋ, ಎಲ್ಲಾ ಸರಿಹೋಯ್ತು. ಒಂದೇ ಒಂದು ಸಣ್ಣ ತೊಡಕು. ಚೀಟಿ ಮೇಲೆ ‘ಹೆಣ್ಣಿನ ಕೈಯಿಂದ’ ಅಂತ ಅಚ್ಚಾಗಿದೆ."

"ಅಳಿಸಿ."

"ಪೆಟ್ಟಿಗೆಗಟ್ಟಲೆ ಇದೆ, ಅಳಿಸೋಕಾಗುತ್ತಾ? ಅದಕ್ಕಿಂತ ನಿಮ್ಮನ್ನ ಅಳಿಸೋದು ಸುಲಭ. ಫೌಸ್ತೀನಾ ಹೆಸರಲ್ಲಿ ಕಳಿಸೋಣ. ಇಲ್ಲಾಂದ್ರೆ ಆಯಮ್ಮ ಬೇರೆ ಊರಿಗೆ ಹೋಗ್ತಾಳೆ, ನಮ್ಮ ಸಂಘ ಬಾಗಿಲು ಹಾಕ್ಕೊಳುತ್ತೆ."

ದೆಸಿದೇರಿಯೋ ಗೋಡೆಯ ಕಡೆ ನೋಡಿದ. ಬಾಗಿಲಲ್ಲಿ ನಿಂತ ಹೆಂಡತಿಯ ಕಡೆ ನೋಡಿದ. ಆಮೇಲೆ, ರಾಜ್ಯ ಬಿಟ್ಟುಕೊಡುವ ದೊರೆಯ ಧ್ವನಿಯಲ್ಲಿ, "ಹೆಸರು ಯಾರದಾದ್ರೇನಂತೆ. ನೋಡಿದೋರಿಗೆ ಕೈ ಯಾರದು ಅಂತ ಗೊತ್ತಾಗದೇ ಇರುತ್ತಾ?" ಅಂದ.

ಗೊತ್ತಾಗಲಿಲ್ಲ. ಚೀಲಗಳು ಸಮುದ್ರ ದಾಟಿ ಹೋದವು. ವರ್ಷ ಕಳೆಯುವುದರೊಳಗೆ ಫೌಸ್ತೀನಾಳ ದೊಡ್ಡ ಚಿತ್ರವೊಂದು ಸಂಘದ ಗೋಡೆಗೆ ಬಂತು. ಕೆಳಗೆ "ಕುದುರೆಗಳ ತಾಯಿ" ಎಂದಿತ್ತು. ದೆಸಿದೇರಿಯೋ ಆ ಗೋಡೆಯ ಬೀದಿಯನ್ನೇ ಬಿಟ್ಟು ಸುತ್ತು ಹಾಕಿಕೊಂಡು ಓಡಾಡತೊಡಗಿದ. ಬೆಂಚಿನ ಮೇಲೆ ಅದೂ ಸಾಧ್ಯವಿರಲಿಲ್ಲ.

"ಚೀಲ ಬಲು ಚೆನ್ನಾಗಿದೆಯಲ್ಲಯ್ಯಾ," ಎವುಸೇಬಿಯೋ ಕೇಳುತ್ತಿದ್ದ, "ಮನೆಯೋರು ಹೆಣೆದುಕೊಟ್ರಾ?"

ಆ ಊರಿನಲ್ಲಿ ಹೆಂಡತಿ ಚೀಲ ಹೆಣೆದುಕೊಡುವುದು ಲಕ್ವಾ ಹೊಡೆದವರಿಗೆ ಮಾತ್ರ ಸಿಗಬಹುದಾದ ಸೌಲಭ್ಯ. ನಿಜ ಏನೆಂದು ಬೆಂಚಿಗೆಲ್ಲ ಗೊತ್ತಿತ್ತು. ಅವರ ಕಣ್ಣೆದುರಿಗೇ ಅವನು ಹೆಣೆಯುತ್ತಿದ್ದನಲ್ಲ. ಗೊತ್ತಿದ್ದೂ ಕೇಳುವುದಕ್ಕೇ ಗೆಳೆತನ ಅನ್ನುವುದು. ಇವನಿಗೆ ಚುಚ್ಚುತ್ತಿದ್ದದ್ದು ಅದಲ್ಲ. ಕಡಲಿನಾಚೆ ಎಲ್ಲೋ, ಹೆಸರೂ ಗೊತ್ತಿಲ್ಲದ ಊರಿನಲ್ಲಿ, ಯಾರೋ ಒಬ್ಬರು ತನ್ನ ಕುದುರೆಯನ್ನು ನೋಡಿ "ಆಹಾ, ಫೌಸ್ತೀನಾ!" ಅನ್ನುತ್ತಾರಲ್ಲ, ಅದು.

"ನನಗೇನು ಹಬ್ಬ ಅಂದ್ಕೊಂಡ್ರಾ?" ಫೌಸ್ತೀನಾ ಒಲೆಯ ಮುಂದಿನಿಂದ ಹೇಳಿದಳು. "ನಾನು ಸೊಂಟ ಬಿಗಿದು ತಿಂಗಳುಗಟ್ಟಲೆ ನೇಯೋ ರವಿಕೇನ ಕೇಳೋರಿಲ್ಲ. ಒಂದು ಕಡ್ಡಿ ಆಡಿಸೋ ಕೆಲಸಕ್ಕೆ ನನ್ನ ಫೋಟೋ."

"ಕಡ್ಡಿ ಆಡಿಸೋದಾ!"

"ಮತ್ತಿನ್ನೇನು? ನನ್ನ ಮಗ್ಗದಲ್ಲಿ ಎಷ್ಟು ಕಡ್ಡಿ ಇದಾವೆ, ಬಂದು ಎಣಿಸಿ."

ಅಷ್ಟರಲ್ಲಿ ಸುದ್ದಿ ಬಂತು: ಆಸ್ಟ್ರಿಡ್ ಕ್ಯಾಮೆರಾ ಹಿಡಿದು ಬರುತ್ತಾಳೆ, ಫೌಸ್ತೀನಾ ಹೆಣೆಯುವುದನ್ನು ಕಣ್ಣಾರೆ ನೋಡಬೇಕಂತೆ. ಬಸಿಲಿಯಾಳ ಕೆಮ್ಮು ನಿಂತೇಹೋಯಿತು. ಹೆಂಡತಿಗೆ ನಾಲ್ಕು ಕೊಂಡಿ ಹಾಕುವುದನ್ನಾದರೂ ಕಲಿಸಿ ಎಂದು ದೆಸಿದೇರಿಯೋನನ್ನು ಬೇಡಿಕೊಂಡಳು.

"ಇದೇನು ರೊಟ್ಟಿ ತಟ್ಟೋ ಕೆಲಸಾನಾ, ಹೇಳಿದ ತಕ್ಷಣ ಬರೋಕೆ?"

"ನಿಮಗೆ ರೊಟ್ಟಿ ತಟ್ಟೋಕೆ ಬಂದ ದಿನ ಆ ಮಾತು ಹೇಳಿ," ಅಂದಳು ಫೌಸ್ತೀನಾ.

ಕೊನೆಗೆ ಒಂದು ಉಪಾಯವಾಯಿತು. ಮುಕ್ಕಾಲು ಮುಗಿದ ಚೀಲವನ್ನು, ಕಡ್ಡಿ ಕೊಂಡಿಯಲ್ಲೇ ಸಿಕ್ಕಿಸಿ, ಫೌಸ್ತೀನಾಳ ಕೈಗೆ ಕೊಡುವುದು. ಅವಳು ತಲೆ ತಗ್ಗಿಸಿ, ನಾಚಿಕೊಂಡವಳಂತೆ ಅದನ್ನು ಹಿಡಿದುಕೊಂಡಿದ್ದರೆ ಸಾಕು. ಫೌಸ್ತೀನಾ ಜನ್ಮದಲ್ಲಿ ನಾಚಿಕೊಂಡವಳಲ್ಲ ಎಂಬುದೊಂದೇ ಭಯ. ದೆಸಿದೇರಿಯೋ ಆ ದಿನ ಹೊಲದಲ್ಲಿರಬೇಕು ಎಂದು ತೀರ್ಮಾನವಾಗಿತ್ತು. ಅವನು ಸಂಘದ ಉಗ್ರಾಣದಲ್ಲಿ, ನೂಲಿನ ಮೂಟೆಗಳ ಹಿಂದೆ ಇದ್ದ.

ಆಸ್ಟ್ರಿಡ್ ಬಂದಳು. ಜೊತೆಗೆ ಪಟ್ಟಣದ ದುಭಾಷಿ. ಕಾಫಿಯಾಯಿತು, ಭಾಷಣವಾಯಿತು. ಫೌಸ್ತೀನಾ ಒಳ್ಳೆಯ ರವಿಕೆ ತೊಟ್ಟು ಚಾಪೆಯ ಮೇಲೆ ಕೂತಿದ್ದಳು. ಸ್ವಲ್ಪ ಹೊತ್ತು ಹೇಳಿದ ಹಾಗೇ ಇದ್ದಳು. ಆಮೇಲೆ ಸುಮ್ಮನೆ ಕೂತ ಕೈಗೆ ಬೇಸರ ಬಂದು, ಕಡ್ಡಿಯನ್ನು ಕೊಂಚ ಆಡಿಸಿದಳು. ಕಡ್ಡಿ ಜಾರಿ ಹೊರಗೆ ಬಂತು. ಕೊಂಡಿಯೊಂದು ಸಡಿಲವಾಗಿ ನಿಂತಿತು. ಮಗ್ಗದ ಮುಂದೆ ಬೆಳೆದ ಕೈ ಅದು. ಸಡಿಲ ಎಳೆ ಕಂಡರೆ ಎಳೆದು ಬಿಗಿ ಮಾಡದೆ ಇರಲಾರದು. ಎಳೆದಳು. ಎಳೆ ಉದ್ದವಾಯಿತು. ಇನ್ನೂ ಸಡಿಲ ಇದೆಯಲ್ಲ ಅಂದುಕೊಂಡು ಇನ್ನಷ್ಟು ಎಳೆದಳು.

ಆಸ್ಟ್ರಿಡ್ ಕ್ಯಾಮೆರಾ ಹತ್ತಿರ ತಂದಳು. "ಎಷ್ಟು ಚುರುಕು ಕೈ ಅಂತಿದಾರೆ," ದುಭಾಷಿ ಪಿಸುಗುಟ್ಟಿದ. ಬಸಿಲಿಯಾ ಹೆಮ್ಮೆಯಿಂದ ತಲೆಯಾಡಿಸಿದಳು. ಅವಳಿಗೆ ಮೊಹರು ಒತ್ತುವುದು ಬರುತ್ತಿತ್ತೇ ಹೊರತು ಹೆಣಿಗೆ ಬರುತ್ತಿರಲಿಲ್ಲ.

ಮೂಟೆಗಳ ಸಂದಿಯಲ್ಲಿ ದೆಸಿದೇರಿಯೋ ನೋಡುತ್ತಿದ್ದ. ಕುದುರೆಯ ಒಂದು ಕಿವಿ ಹೋಯಿತು. ಸಂಘಕ್ಕಾಗಿ ಸಹಿಸಿದ. ಎರಡನೆಯ ಕಿವಿ ಹೋಯಿತು. ಹೆಂಡತಿಗಾಗಿ ಸಹಿಸಿದ. ಹಣೆ ಬಿಚ್ಚಿಕೊಂಡು ಎಳೆ ಕಣ್ಣಿನ ಹತ್ತಿರ ಬಂತು.

"ಅಯ್ಯೋ, ಎಳೀಬೇಡ ಕಣೇ! ಕಣ್ಣು ಹೋಗುತ್ತೆ!"

ಮೂಟೆಗಳು ಉರುಳಿದವು. ಹಳದಿ ನೂಲಿನ ಉಂಡೆಯೊಂದನ್ನು ಕಾಲಿಗೆ ಸುತ್ತಿಕೊಂಡೇ ಹೊರಗೆ ಹಾರಿದವನು ಚೀಲ ಕಿತ್ತುಕೊಂಡು ನೆಲದ ಮೇಲೇ ಕೂತುಬಿಟ್ಟ. ಹಣೆ ಕಟ್ಟಿದ, ಒಂದು ಕಿವಿ ನಿಲ್ಲಿಸಿದ. ಕೈ ಕೆಲಸ ಮಾಡುವಾಗ ಬಾಯಿಯೂ ಮಾಡುತ್ತಿತ್ತು: "ಎಳೀತಾಳಂತೆ, ಎಳೀತಾಳೆ! ಇದೇನು ಕತ್ತೆ ಹಗ್ಗಾನಾ ಎಳೆಯೋಕೆ?" ಎರಡನೆಯ ಕಿವಿಗೆ ಬರುವ ಹೊತ್ತಿಗೆ ತಲೆಯೆತ್ತಿ ಸುತ್ತ ನೋಡಿದ. ಬಸಿಲಿಯಾ ಕಣ್ಣು ಮುಚ್ಚಿಕೊಂಡು ಯಾವುದೋ ಸಂತನ ಹೆಸರು ಹೇಳುತ್ತಿದ್ದಳು.

ಮಾತಾಡಿದವಳು ಫೌಸ್ತೀನಾ. "ಇನ್ನೇನು ಮುಚ್ಚಿಡೋದು, ಹೇಳಿಬಿಡಪ್ಪಾ ಆಯಮ್ಮಂಗೆ. ಚೀಲ ಎಲ್ಲಾ ಇವರದೇ, ಕುದುರೆಗಳೂ ಇವರವೇ. ನಾನು ಈರುಳ್ಳಿ ಹೊತ್ತಿದ್ದು ಮಾತ್ರ ನಿಜ."

ದುಭಾಷಿ ಹೇಳಿದ. ಆಸ್ಟ್ರಿಡ್ ಒಮ್ಮೆ ಕಡ್ಡಿಯನ್ನೂ ಒಮ್ಮೆ ದೆಸಿದೇರಿಯೋನ ಮೀಸೆಯನ್ನೂ ನೋಡಿದಳು. ಅವಳ ಕಣ್ಣು ತುಂಬಿ ಬಂತು. ಅವನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು, ಬಹಳ ಭಾವದಿಂದ ಮಾತಾಡಿದಳು. ದುಭಾಷಿಗೆ ಬಸ್ಸಿಗೆ ಹೊತ್ತಾಗುತ್ತಿತ್ತು. ಅಷ್ಟನ್ನೂ ಹಿಂಡಿ, "ಇನ್ಮೇಲೆ ಚೀಟೀಲಿ ನಿಮ್ಮ ಹೆಸರು, ನಿಮ್ಮ ಫೋಟೋನೇ ಅಂತೆ," ಅಂದ. ದೆಸಿದೇರಿಯೋಗೆ ಬೇಕಾದದ್ದೂ ಅಷ್ಟೇ. ಫೋಟೋಗೆ ಅವನು ಎದೆಯುಬ್ಬಿಸಿ ನಿಂತದ್ದನ್ನು ನೋಡಿದವರು ಪುರಸಭೆಗೆ ಹೊಸ ಅಧ್ಯಕ್ಷ ಬಂದ ಅಂದುಕೊಂಡಿರಬೇಕು.

ಹೊಸ ಚೀಟಿಗಳು ಮಳೆಗಾಲ ಮುಗಿಯುವ ಹೊತ್ತಿಗೆ ಬಂದವು. ದೆಸಿದೇರಿಯೋ ಒಂದನ್ನು ತೆಗೆದುಕೊಂಡು ನೇರ ಬೆಂಚಿಗೆ ನಡೆದ. ಚೀಟಿ ಇಂಗ್ಲಿಷಿನಲ್ಲಿತ್ತು. ಆ ಭಾಷೆ ಬಲ್ಲವನು ಎವುಸೇಬಿಯೋ ಒಬ್ಬನೇ. ಶತ್ರುವಿನ ಬಾಯಿಂದಲೇ ಹೊಗಳಿಸಿಕೊಳ್ಳುವ ಸುಖ ಎಷ್ಟು ಜನಕ್ಕೆ ಸಿಗುತ್ತದೆ?

"ಜೋರಾಗಿ ಓದು, ಕೊನೇಲಿರೋರಿಗೂ ಕೇಳಿಸ್ಲಿ."

ಎವುಸೇಬಿಯೋ ಕಣ್ಣಲ್ಲೇ ಒಮ್ಮೆ ಓದಿಕೊಂಡ. ಅವನ ಮುಖದಲ್ಲಿ ಸೂರ್ಯ ಹುಟ್ಟಿದ.

"‘ಇವರು ದೆಸಿದೇರಿಯೋ ಕಾಲ್ಮೋ. ಹೆಂಗಸರ ಕೆಲಸ ಮಾಡೋಕೆ ನಾಚಿಕೊಳ್ಳದ ಧೀರ. ಜನ ನಕ್ಕರೂ ಅಂಜದೆ ಹೆಂಡತಿಯಿಂದ ಹೆಣಿಗೆ ಕಲಿತು ಕಡ್ಡಿ ಹಿಡಿದ ಈ ಊರಿನ ಮೊದಲ ಗಂಡಸು.’"

ಬೆಂಚಿನುದ್ದಕ್ಕೂ ಕಡ್ಡಿಗಳು ನಿಂತವು. ದೆಸಿದೇರಿಯೋನ ಕಿವಿಗಳು ಷರಾಯಿಯ ಪಟ್ಟೆಗಿಂತ ಕೆಂಪಾದವು. ಈಗಿಂದೀಗಲೇ ಹೋಗಿ ಆ ಚೀಟಿಗಳ ಪೆಟ್ಟಿಗೆಯನ್ನೇ ಒಲೆಗೆ ಹಾಕಿಸುತ್ತೇನೆ ಎಂದು ಎದ್ದು ನಿಂತ. ಬೆನ್ನ ಹಿಂದೆ ಸಿಡಿಯಲಿರುವ ನಗೆಗೆ ಹೆಗಲು ಗಟ್ಟಿ ಮಾಡಿಕೊಂಡ.

ನಗೆ ಬರಲಿಲ್ಲ. ಎವುಸೇಬಿಯೋ ಚೀಟಿಯನ್ನು ಮತ್ತೆ ನೋಡುತ್ತಿದ್ದ. ಸೂರ್ಯ ಮುಳುಗಿದ್ದ.

"ಅಲ್ಲಯ್ಯಾ, ಮೊದಲ ಗಂಡಸು ನೀನು ಹೆಂಗಾದೆ? ನಾನು ನಿನಗಿಂತ ದೊಡ್ಡೋನು. ನೀನು ಕುರಿ ಹಿಂದೆ ಮೂಗು ಸೋರಿಸ್ಕೊಂಡು ಓಡ್ತಿದ್ದಾಗ ನಾನು ಚೀಲ ಮುಗಿಸಿದ್ದೆ."

"ಚೀಲ ಅಲ್ಲ, ಮೇಜು," ಅಂದ ದೆಸಿದೇರಿಯೋ, ಬಾಯಿ ತಪ್ಪಿ.

"ನೀವಿಬ್ರೂ ಸುಮ್ನಿರ್ರೋ," ಬೆಂಚಿನ ತುದಿಯಿಂದ ಮುದುಕ ಪೋನ್ಸಿಯಾನೋ ಕೋಲು ಕುಟ್ಟಿದ. "ಹೆಂಗಸರ ಕೆಲಸ ಅಂದ್ರೆ ನಮ್ಮಪ್ಪಂದು! ಅವನ ಮುಂದೆ ನಿಲ್ಲೋನು ಈ ಬೆಟ್ಟದಲ್ಲೇ ಇರ್ಲಿಲ್ಲ. ನಾನು ಅವನ ಮಗ!"

"ಹೆಂಗಸರ ಕೆಲಸ ನಮ್ಮ ಮನೇಲಿ ಏಳು ತಲೆಯಿಂದ ಬಂದಿದೆ," ಇನ್ನೊಬ್ಬ ಕೂಗಿದ.

"ಇದು ಮೋಸ. ಬಸಿಲಿಯಾ ಹತ್ರ ಹೋಗಿ ತಿದ್ದಿಸಲೇಬೇಕು," ಎವುಸೇಬಿಯೋ ಹ್ಯಾಟು ಹಾಕಿಕೊಂಡ. "ಏಳ್ರಯ್ಯಾ!"

ಬೆಂಚಿಗೆ ಬೆಂಚೇ ಎದ್ದಿತು. ದೆಸಿದೇರಿಯೋ ಒಂದು ಗಳಿಗೆ ಅವರನ್ನು ನೋಡಿದ. ಆಮೇಲೆ ಇಗರ್ಜಿಯ ಹಿಂದಿನ ಕೊರಕಲಿಗೆ ನುಗ್ಗಿ, ಐವತ್ತು ದಾಟಿದ್ದನ್ನು ಮರೆತು ಓಡಿದ. ಬಸಿಲಿಯಾಳ ಬಾಗಿಲು ತಲುಪಿ ಚೌಕಟ್ಟು ಹಿಡಿದುಕೊಂಡ.

"ಡೋನ್ಯಾ, ಅವರೆಲ್ಲ ಬರ್ತಿದಾರೆ. ಚೀಟೀಲಿ ಒಂದಕ್ಷರ ಮುಟ್ಟಬಾರದು, ಹೇಳಿದೀನಿ."

ಬಸಿಲಿಯಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಏನು ಬರೆದಿದೆ ಅಂತ ಓದಿಸಿಕೊಂಡ್ರಾ? ಹೆಂಡತಿ ಕಲಿಸಿದ್ಲು ಅಂತಿದೆಯಂತೆ, ದುಭಾಷಿ ಹೇಳಿದ."

"ಕಲಿಸ್ಲಿ ಬಿಡಿ, ಪಾಪ. ಅವಳಿಗೂ ಒಂದು ಮರ್ಯಾದೆ ಬೇಡ್ವಾ? ಆ ‘ಮೊದಲ’ ಅನ್ನೋದೊಂದು ಮಾತ್ರ ಹಾಗೇ ಇರಬೇಕು."

ಅಷ್ಟರಲ್ಲಿ ಅಂಗಳದಲ್ಲಿ ಪೋನ್ಸಿಯಾನೋನ ಕೋಲಿನ ಸದ್ದು ಕೇಳಿತು. ದೆಸಿದೇರಿಯೋ ಒಳಗೆ ಸರಿದು, ಬಸಿಲಿಯಾಳನ್ನು ಕೇಳದೆಯೇ ಅವಳ ಬಾಗಿಲಿಗೆ ಅಗುಳಿ ಹಾಕಿದ.