ಬೊಂಬೆ ಸಿನಿಮಾ ಮತ್ತು ಬೀಬಿಯ ಶ್ಯಾವಿಗೆ

ನಾನು ಕುರುಗೋಡಿನಿಂದ ಸೊಸೆಯಾಗಿ ಸಿರುಗುಪ್ಪಕ್ಕೆ ಬಂದ ವರ್ಷ, ರಂಜಾನ್ ಹಬ್ಬದ ಬೆಳಿಗ್ಗೆ ಪಕ್ಕದ ಮನೆಯಿಂದ ಒಂದು ತಟ್ಟೆ ಬಂತು. ಅದರ ತುಂಬ ಒಣ ಶ್ಯಾವಿಗೆ, ಸಕ್ಕರೆ, ಖರ್ಜೂರ, ಗೋಡಂಬಿ. ಅತ್ತೆ ಅದನ್ನು ಒಳಗೆ ಒಯ್ದು, ನಮ್ಮ ಒಲೆಯ ಮೇಲೆ, ನಮ್ಮ ಪಾತ್ರೆಯಲ್ಲಿ, ನಮ್ಮ ಎಮ್ಮೆಯ ಹಾಲು ಹಾಕಿ ಸುರ್ಕುಂಬಾ ಅನ್ನುವ ಆ ಹಬ್ಬದ ಪಾಯಸ ಕುದಿಸಿದರು. ಎರಡು ಬಟ್ಟಲು ಹೊಡೆದು, ಹಿತ್ತಲ ಗೋಡೆಯ ಮೇಲಿಂದ ಕೂಗಿದರು: "ಬೀಬಿ, ನಿಮ್ಮ ಮನಿ ಸುರ್ಕುಂಬಾ ಭಾಳ ಛಲೋ ಆಗಿತ್ತು ನೋಡವಾ!"

ಬೀಬಿ ಅಂದರೆ ಪಕ್ಕದ ಮನೆಯ ಹಿರಿಯಾಕೆ. ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ಅತ್ತೆಗೂ ಅವರಿಗೂ ಎಂಥ ಗೆಳೆತನವೆಂದರೆ, ಒಬ್ಬರಿಗೆ ಸೊಂಟ ಹಿಡಿದರೆ ಇನ್ನೊಬ್ಬರು ಕುಂಟುತ್ತಿದ್ದರು. ನಮ್ಮ ಹೋಳಿಗೆ, ಕಡುಬು, ಬದನೆಕಾಯಿ ಪಲ್ಯ ಎಲ್ಲ ಬಿಸಿಬಿಸಿಯಾಗಿ ಆ ಮನೆಗೆ ಹೋಗುತ್ತಿದ್ದವು. ಆ ಮನೆಯದು ಮಾತ್ರ ಇಲ್ಲಿಗೆ ಹಸಿಯಾಗಿಯೇ ಬರಬೇಕು. ಯಾಕೆ ಅಂತ ಕೇಳಿದರೆ ಅತ್ತೆ, "ಅವರ ಗಡಿಗಿ ಬ್ಯಾರೆ, ನಮ್ಮ ಗಡಿಗಿ ಬ್ಯಾರೆ" ಅನ್ನುತ್ತಿದ್ದರು. ಕುರುಗೋಡಿನಲ್ಲಿ ನಮ್ಮ ಅವ್ವನೂ ಇದನ್ನೇ ಹೇಳುತ್ತಿದ್ದಳು. ನನ್ನ ತಲೆಗೆ ಅಲ್ಲೂ ಹೋಗಲಿಲ್ಲ, ಇಲ್ಲೂ ಹೋಗಲಿಲ್ಲ.

ಒಂದು ಸಲ ಬೀಬಿ ನನಗೆ ಹೇಳಿದರು: "ನಿಮ್ಮತ್ತಿ ಸಾಯೋದ್ರೊಳಗ, ಇಲ್ಲಾ ನಾ ಸಾಯೋದ್ರೊಳಗ, ನನ್ನ ಕೈಲೆ ಮಾಡಿದ್ದು ಒಂದು ತುತ್ತು ಆಕಿ ತಿನ್ನಬೇಕು ನೋಡವಾ." ನಗುತ್ತಲೇ ಹೇಳಿದರು. ಆದರೆ ಅದು ನಗುವ ಮಾತಲ್ಲ ಅಂತ ನನಗೆ ಗೊತ್ತಾಯಿತು.

ನನ್ನ ನಾದಿನಿಯ ಮನೆ ಬಳ್ಳಾರಿಯ ಪಾರ್ವತಿನಗರದಲ್ಲಿ. ಆಕೆಗೆ ಎರಡನೆಯ ಕೂಸು ಹುಟ್ಟಿದಾಗ ಬೀಬಿ ತಾವೇ ಒಂದು ಪುಟ್ಟ ಗಾದಿ ಹೊಲಿದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನಮ್ಮ ಜೊತೆ ಬಂದರು. ಭಾನುವಾರ ನಾದಿನಿಯ ಗಂಡ, "ಮಾರ್ನಿಂಗ್ ಶೋಕ್ಕ ಬೊಂಬಿ ಸಿನಿಮಾ ಬಂದೈತಿ, ಬರ್ರಿ" ಅಂತ ತಮ್ಮ ದೊಡ್ಡ ಮಗಳ ಜೊತೆ ನಮ್ಮ ಮೂವರನ್ನೂ ಕರೆದುಕೊಂಡು ಹೊರಟರು. ಬರೆದ ಚಿತ್ರಗಳೇ ಓಡಾಡುವ ಇಂಗ್ಲಿಷ್ ಸಿನಿಮಾ. ಅತ್ತೆ ಅಲ್ಲಿಯವರೆಗೆ ನೋಡಿದ್ದು ದೇವರ ಸಿನಿಮಾ ಮಾತ್ರ. ತೆರೆಯ ಮೇಲೆ ಮೊದಲ ಬಾತುಕೋಳಿ ಬಂದ ಕೂಡಲೇ, ಯಾವುದೋ ದೇವರ ವಾಹನ ಇರಬೇಕೆಂದು ಕೈ ಮುಗಿದರು.

ಕಥೆ ಇಷ್ಟು. ಒಂದು ಕೆರೆ, ಅದರ ತುಂಬ ಕೊರಳಿಗೆ ರಿಬ್ಬನ್ ಕಟ್ಟಿಕೊಂಡ ಬಿಳಿ ಬಾತುಕೋಳಿಗಳು. ಬಾಯಾರಿದ ಒಂದು ಮರಿ ಅಲ್ಲಿಗೆ ಬರುತ್ತದೆ. ಗುಂಡಗಿನ ಗುಲಾಬಿ ಮೈ, ಉದ್ದನೆಯ ರೆಪ್ಪೆ. ಬಾತುಕೋಳಿಗಳು "ನೀನು ಮುಟ್ಟಿದರೆ ನೀರು ಕೆಡುತ್ತದೆ" ಅಂತ ಅದನ್ನು ಓಡಿಸುತ್ತವೆ. ಅಳಿಯ ಇದನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದರೆ ಹಿಂದಿನ ಸಾಲಿನವರೂ ಕಿವಿಗೊಟ್ಟು ಕೇಳುತ್ತಿದ್ದರು.

"ಅದ್ಯಾವ ಪ್ರಾಣಿರೀ ಅಳಿಯಂದ್ರ?" ಅತ್ತೆ ಕೇಳಿದರು. ಅಳಿಯ ಕೆಮ್ಮಿದರು.

"ಸೊಂಡ್ಲಿ ಬೆಳೀಲಾರದ ಆನಿಮರಿ ಇರಬೇಕಕ್ಕಾ" ಅಂದರು ಬೀಬಿ. "ಪಾಪ, ಈಗ ಹುಟ್ಟಿದ ಕೂಸಿನಂಗ ಐತಿ."

ಅತ್ತೆಗೆ ರೋಷ ಉಕ್ಕಿತು. ಕುರ್ಚಿಯಿಂದ ಎದ್ದು, "ಲೇ, ಕೆರಿ ಏನು ನಿಮ್ಮಪ್ಪ ಕಟ್ಟಿಸಿದ್ದೇನಲೇ? ಕುಡೀಲಿ ಬಿಡ್ರಿ ಅದೂ!" ಅಂತ ಬಾತುಕೋಳಿಗಳಿಗೆ ಕೂಗಿದರು. ಟಾಕೀಸಿನಲ್ಲಿ ಚಪ್ಪಾಳೆ ಬಿತ್ತು. ಬೀಬಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಇಂಟರ್ವಲ್ಲಿನಲ್ಲಿ ನಾದಿನಿಯ ಮಗಳು ಕಡಲೆಕಾಯಿ ತಿನ್ನುತ್ತ ಹೇಳಿದಳು: "ಅಜ್ಜೀ, ಅದು ಹಂದಿ."

"ಶಿವ ಶಿವಾ!" ಅಂದರು ಅತ್ತೆ. "ತೋಬಾ ತೋಬಾ!" ಅಂದರು ಬೀಬಿ. ಇಬ್ಬರೂ ಒಟ್ಟಿಗೆ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡರು. ತಪ್ಪು ಅವರದಲ್ಲ. ನಮ್ಮೂರ ಹಂದಿಗಳು ಕರ್ರಗೆ, ಬಿರುಸು ಕೂದಲಿನವು. ರೆಪ್ಪೆ ಬಡಿಯುವ ಗುಲಾಬಿ ಹಂದಿಯನ್ನು ಸಿರುಗುಪ್ಪ ಎಲ್ಲಿ ಕಂಡಿತ್ತು? ಇನ್ನು ಇಬ್ಬರೂ ಎದ್ದು ಹೊರಡುತ್ತಾರೆ ಅಂದುಕೊಂಡೆ. ಆದರೆ ಮತ್ತೆ ದೀಪ ಆರಿದಾಗ ಆ ಮರಿ ಮಳೆಯಲ್ಲಿ ನಡುಗುತ್ತ ನಿಂತಿತ್ತು. ಅತ್ತೆ ತೆರೆಯ ಕಡೆಗೇ ನೋಡುತ್ತ, "ಹಂದಿ ಆದ್ರ ಏನಾತು, ಬಾಯಾರಿಕಿ ಬಾಯಾರಿಕೀನ" ಅಂತ ಗೊಣಗಿ ಕಾಲು ಕೆಳಗಿಳಿಸಿದರು.

ಕೊನೆಗೆ ಕೆರೆ ಬತ್ತುತ್ತದೆ, ಹಂದಿಮರಿ ಮೂತಿಯಿಂದ ನೆಲ ತೋಡಿ ನೀರು ತರಿಸುತ್ತದೆ, ಬಾತುಕೋಳಿಗಳು ಅದನ್ನು ತಬ್ಬಿಕೊಳ್ಳುತ್ತವೆ. ಮುಂದೆ ಮಕ್ಕಳ ಜೊತೆ ಇಂಥ ಎಷ್ಟೋ ಬೊಂಬೆ ಸಿನಿಮಾ ನೋಡಿದೆ. ಸುಮಾರು ಎಲ್ಲದರಲ್ಲೂ ಇದೇ ಹಣೆಬರಹ. ದೂರ ಇಡಿಸಿಕೊಂಡವರು ಏನಾದರೂ ಉಪಕಾರ ಮಾಡಿದ ಮೇಲೆಯೇ ಅವರನ್ನು ಹತ್ತಿರ ಕರೆಯುವುದು. ಆ ಮರಿ ತೋಡಿದಲ್ಲಿ ನೀರು ಸಿಗದೆ ಹೋಗಿದ್ದರೆ? ನನಗೆ ಈಗಲೂ ಸಿಟ್ಟು ಬರುತ್ತದೆ.

ಸಿರುಗುಪ್ಪಕ್ಕೆ ಬಂದ ಮೇಲೆ ಅತ್ತೆ ಓಣಿಯವರಿಗೆಲ್ಲ ಕಥೆ ಹೇಳಿದರು. ಒಬ್ಬೊಬ್ಬರಿಗೆ ಹೇಳುವಾಗಲೂ ಬಾತುಕೋಳಿಗಳ ದುಷ್ಟತನ ಹೆಚ್ಚುತ್ತ ಹೋಯಿತು. ಬೀಬಿ ಗಾದಿ ಹೊಲಿಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಮತ್ತೆ ರಂಜಾನ್ ಬಂತು. ಬಿಸಿಲೇರಿದರೂ ಶ್ಯಾವಿಗೆಯ ತಟ್ಟೆ ಬರಲಿಲ್ಲ. ಅತ್ತೆ ಬಾಗಿಲಿಗೆ ಹೋದರು, ಬಂದರು, ಮತ್ತೆ ಹೋದರು. ಕೊನೆಗೆ ನಮ್ಮ ಹಿತ್ತಾಳೆ ಪಾತ್ರೆ, ಸೌಟು, ಒಂದು ಚೊಂಬು ಹಾಲು ತಗೊಂಡು, ಸೀಮೆಎಣ್ಣೆ ಸ್ಟೋವನ್ನು ನನ್ನ ಕೈಗೆ ಕೊಟ್ಟು, ದಂಡು ಹೊರಟಂತೆ ಪಕ್ಕದ ಮನೆಗೆ ಹೊರಟರು. ಆ ಮನೆಯ ಅಂಗಳದಲ್ಲಿ ಎಲ್ಲ ಇಳಿಸಿ, ದೊಡ್ಡ ಮನಸ್ಸು ಮಾಡಿದವರ ಗತ್ತಿನಲ್ಲಿ ಹೇಳಿದರು: "ಬೀಬಿ, ಇವತ್ತು ನಿನ್ನ ಕೈಲೇ ಮಾಡು. ಇದರಾಗ ಮಾಡು, ತಿಂತೀನಿ."

ಬೀಬಿ ಪಾತ್ರೆ ನೋಡಿದರು, ಸ್ಟೋವು ನೋಡಿದರು. "ಅಕ್ಕಾ, ಆ ಹಂದಿಮರಿಗೆ ಕೆರಿ ಬಿಟ್ಟು ಬ್ಯಾರೆ ಚೊಂಬಿನಾಗ ನೀರು ಕೊಟ್ಟಿದ್ರ ಆಗ್ತಿತ್ತೇನು?"

ಅತ್ತೆಯ ಮುಖ ಕೆಂಪಾಯಿತು. ಜಗಳ ಆಗಿ ಗೆಳೆತನ ಇಲ್ಲಿಗೇ ಮುಗಿಯಿತು ಅಂತ ನಾನು ಸ್ಟೋವು ಅವುಚಿಕೊಂಡು ನಿಂತೆ. ಅತ್ತೆ ಕಟ್ಟೆಯ ಮೇಲೆ ದೊಪ್ಪನೆ ಕುಳಿತರು. ಪಾತ್ರೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. ಬೀಬಿಯ ಮುಖ ನೋಡದೆ ಕೈ ಚಾಚಿದರು.

"ನಿನ್ನ ಗಡಿಗ್ಯಾಗಿಂದ ಕೊಡು."

ಬೀಬಿ ಒಳಗಿನಿಂದ ಬಟ್ಟಲು ತರುವಾಗ ಸುರ್ಕುಂಬಾ ದಾರಿಯುದ್ದಕ್ಕೂ ತುಳುಕಿತು. ಅತ್ತೆ ಕಣ್ಣು ಮುಚ್ಚಿ, ಕಷಾಯ ಕುಡಿಯುವವರಂತೆ ಒಂದು ಗುಟುಕು ಕುಡಿದರು. ಆಮೇಲೆ ಕಣ್ಣು ಬಿಟ್ಟು ಇನ್ನೊಂದು ಗುಟುಕು. ಬಟ್ಟಲು ಖಾಲಿಯಾಯಿತು.

"ಸಕ್ಕರಿ ಕಮ್ಮಿ ಆತು" ಅಂದರು. "ಶ್ಯಾವಿಗೀನೂ ಮುದ್ದಿ ಆಗೈತಿ."

ಬೀಬಿ ನಗಲು ಹೋಗಿ ಅತ್ತರು. "ಬೈಯಕ್ಕಾ, ಇನ್ನಷ್ಟು ಬೈ. ನನ್ನ ಅಡಿಗಿ ನಿನ್ನ ಕಡಿಂದ ಬೈಸಿಕೊಳ್ಳಾಕ ಎಷ್ಟು ವರ್ಷ ಕಾದೀನಿ!"