ಕೊಟ್ಟಿಗೆಯ ವಾಟ

ರಾಧಾಮಣಿ ಕಂಟೆಂಪರರಿ ಡ್ಯಾನ್ಸ್ ಕಲಿಸುವ ರಾಜಾನುಕುಂಟೆಯ ಹಾಲ್ ಮೊದಲು ಅವಳಪ್ಪ ಚಿಕ್ಕಹನುಮಯ್ಯನ ದನದ ಕೊಟ್ಟಿಗೆಯಾಗಿತ್ತು. ಗಂಜಲ ಹರಿದುಹೋಗಲೆಂದು ನೆಲವನ್ನು ಎಡಕ್ಕೆ ಇಳಿಜಾರು ಮಾಡಿದ್ದರು. ಗಾರೆಯವರು ಅದನ್ನು ವಾಟ ಎನ್ನುತ್ತಾರೆ. ಮೇಲೆ ಹಲಗೆ ಹಾಸಿದರೂ ವಾಟ ಹೋಗಲಿಲ್ಲ. ಬೀಳದಿರಲು ಬಲಕ್ಕೆ ವಾಲಿ ಕುಣಿಯುವುದನ್ನು ಕಲಿತ ಮೈ, ಸಪಾಟಾದ ವೇದಿಕೆಯ ಮೇಲೂ ಬಲಕ್ಕೇ ವಾಲುತ್ತಿತ್ತು. ಕೊಟ್ಟಿಗೆಯ ಗುರುತು ಜನಕ್ಕೆ ಕಾಣಬಾರದೆಂದು ರಾಧಾಮಣಿ ಪ್ರತಿ ಪ್ರದರ್ಶನದಲ್ಲೂ ಹಲ್ಲುಕಚ್ಚಿ ಮೈ ನೇರ ಮಾಡಿಕೊಳ್ಳುತ್ತಿದ್ದಳು.

ಈ ಸಲ ಹೆಬ್ಬಾಳದಲ್ಲಿ ಸ್ಕೂಟರಿನಿಂದ ಬಿದ್ದು ಅವಳ ಮಂಡಿ ಊದಿಕೊಂಡಿತು. ತಾನೇ ಸಂಯೋಜಿಸಿದ ನೃತ್ಯವನ್ನು ಶಿಷ್ಯೆ ಮೋನಿಕಾಗೆ ಬಿಟ್ಟುಕೊಡಬೇಕಾಯಿತು. ಯಲಹಂಕದ ವೇದಿಕೆಯಲ್ಲಿ, ಅದೇ ವಾಟದ ಮೇಲೆ ಕಲಿತಿದ್ದ ಆ ಹುಡುಗಿ ಏನನ್ನೂ ಮುಚ್ಚಿಡದೆ, ವಾಲಿಕೊಂಡೇ ಕುಣಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಆ ವಾಲೋದಿದ್ಯಲ್ಲ, ಅದೇ ಸೂಪರ್ ಕಣ್ರೀ," ಎಂದು ಪಕ್ಕದ ಸೀಟಿನಾಕೆ ರಾಧಾಮಣಿಗೇ ಹೇಳಿದಳು.

ರಾಧಾಮಣಿಯ ಹೊಟ್ಟೆಗೆ ಬೆಂಕಿ ಬಿತ್ತು. ಕೊಟ್ಟಿಗೆ ನಮ್ಮಪ್ಪನದು, ಗಂಜಲ ನಮ್ಮ ಹಸುಗಳದು, ಚಪ್ಪಾಳೆ ಮಾತ್ರ ಇವಳದಾ?

ಮರುವಾರ ಮೋನಿಕಾ ಪೇಡ ಹಿಡಿದು ಬಂದಳು.

"ಮಿಸ್, ಆರ್.ಟಿ. ನಗರದಲ್ಲಿ ನಾನೂ ಕ್ಲಾಸ್ ಶುರು ಮಾಡ್ತಿದ್ದೀನಿ. ನೆಲ ಹಾಕಿಸ್ಬೇಕು. ಇಲ್ಲಿ ಥರಾನೇ ವಾಟ ಕೊಡಿಸ್ಲಾ?"

ರಾಧಾಮಣಿ ಪೇಡ ಬಾಯಿಗಿಟ್ಟುಕೊಂಡು, ಊದಿದ ಮಂಡಿಯನ್ನು ನಿಧಾನವಾಗಿ ಸವರಿದಳು.

"ಅಯ್ಯೋ, ಬೇಡ ಕಣೇ. ನೋಡು, ಸ್ಕೂಟರಿಂದ ಬಿದ್ದಿದ್ದು ಬರೀ ನೆಪ, ಈ ವಾಟದಿಂದ್ಲೇ ನನ್ ಮಂಡಿ ಹಿಂಗಾಗಿದ್ದು. ನೀನು ಸಪಾಟಾಗೇ ಹಾಕ್ಸು."

ಮಿಸ್‌ಗೆ ತನ್ನ ಮೇಲೆ ಎಷ್ಟೊಂದು ಕಾಳಜಿ ಎಂದು ಮೋನಿಕಾಳ ಕಣ್ಣು ತುಂಬಿ ಬಂತು.