ತೀರ್ಮಾನಗಳ ಪುಸ್ತಕ ಬರೆದ ಮೂರು ವರ್ಷ

ದೆಹಲಿಯ ದ್ವಾರಕಾದಲ್ಲಿ ನಮ್ಮ ಕನ್ನಡ ಕ್ರೈಸ್ತ ಸಭೆಗೆ ಸ್ವಂತ ಕಟ್ಟಡವಿಲ್ಲ. ಹಿಂದಿ ಸಭೆಯವರು ಬೆಳಗಿನ ಆರಾಧನೆ ಮುಗಿಸಿ ಹೋದ ಮೇಲೆ, ಮಧ್ಯಾಹ್ನ ಎರಡರಿಂದ ಐದರವರೆಗೆ ಅವರ ಹಾಲ್ ನಮ್ಮದು. ಬೀದರ್, ಹುಬ್ಬಳ್ಳಿ, ಮಂಗಳೂರು ಕಡೆಯ ಮೂವತ್ತು ಮೂವತ್ತೈದು ಜನ ಸೇರುತ್ತೇವೆ. ಹೆಚ್ಚಿನವರು ನರ್ಸ್‌ಗಳು, ಒಂದಿಷ್ಟು ಸರ್ಕಾರಿ ನೌಕರರು, ಮುನಿರ್ಕಾದಿಂದ ಬರುವ ನಾಲ್ಕಾರು ವಿದ್ಯಾರ್ಥಿಗಳು.

ಜನವರಿ ಒಂದರಂದು ನಮ್ಮಲ್ಲೊಂದು ಪದ್ಧತಿ ಇತ್ತು. ಪ್ರತಿಯೊಬ್ಬರೂ ಎದ್ದು ನಿಂತು ಹೊಸ ವರ್ಷದ ತೀರ್ಮಾನವನ್ನು ಸಭೆಯ ಮುಂದೆ ಹೇಳಬೇಕು. ಕಾರ್ಯದರ್ಶಿ ಅದನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಮರುವರ್ಷ ಅದೇ ದಿನ ಆ ಸಾಲನ್ನು ಗಟ್ಟಿಯಾಗಿ ಓದುತ್ತಾರೆ. ಹೇಳಿದವರು "ಉಳಿಸಿಕೊಂಡೆ" ಎಂದರೆ ಚಪ್ಪಾಳೆ. "ಸೋತೆ" ಎಂದರೆ ಮುಂದೆ ಬಂದು ಮಂಡಿಯೂರಬೇಕು. ಹಿರಿಯರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ.

ಆ ಮೂರು ವರ್ಷ ಕಾರ್ಯದರ್ಶಿ ನಾನಾಗಿದ್ದೆ. ಪತ್ರಿಕೆಯಲ್ಲಿ ಕೆಲಸ ಮಾಡುವವಳು ಎಂಬುದೇ ಅರ್ಹತೆ. ಹನ್ನೊಂದು ವರ್ಷ ಅಪರಾಧ ವರದಿ ಮಾಡಿ, ಈಗ ಡೆಸ್ಕ್‌ನಲ್ಲಿ ಬೇರೆಯವರ ಸುದ್ದಿ ತಿದ್ದುತ್ತೇನೆ. ಹೆಚ್ಚಿನ ಮಾತು ತೆಗೆದುಹಾಕುವುದು ನನಗೆ ಕೈಬಂದ ಕೆಲಸ.

ಪುಸ್ತಕದಲ್ಲಿ ನಗುವಂಥದ್ದೂ ಇತ್ತು. ಬೀದರಿನ ಒಬ್ಬ ಹಿರಿಯ ಆಂಟಿ ಪ್ರತಿ ವರ್ಷ ಚಹಾಕ್ಕೆ ಸಕ್ಕರೆ ಬಿಡುವ ತೀರ್ಮಾನ ಹೇಳುತ್ತಿದ್ದರು.

"ಏನಾಯ್ತು ಆಂಟಿ?" ಎಂದು ನಾನು ಕೇಳಿದರೆ, "ಜನವರಿ ಮೂರಕ್ಕೇ ಸೋತೆ. ಮತ್ತೆ ಅದೇ ಬರ್ಕೋ. ಮೊಣಕಾಲು ನೋಯ್ತದ, ಮಂಡಿ ಊರಲ್ಲ, ಕೂತಲ್ಲೇ ಪ್ರಾರ್ಥನೆ ಮಾಡ್ರಿ" ಎನ್ನುತ್ತಿದ್ದರು.

ನಾನು ಪುಸ್ತಕ ಹಿಡಿದ ಮೊದಲ ವರ್ಷ ನಮ್ಮ ಕೀಬೋರ್ಡ್ ನುಡಿಸುವಾತ ಎದ್ದು ನಿಂತ. ಒಳ್ಳೆಯ ಕಂಠ, ನಲವತ್ತರ ಆಸುಪಾಸು, ಇಂದಿರಾಪುರಂನಲ್ಲಿ ಮನೆ. ಅವನ ಹೆಂಡತಿ ನರ್ಸ್, ಹೆಂಗಸರ ಸಾಲಿನಲ್ಲಿ ಕುಳಿತಿದ್ದಳು.

"ನಾನು ಇನ್ಮೇಲೆ ನನ್ನ ಹೆಂಡ್ತಿ ಮೇಲೆ ಕೈ ಎತ್ತಲ್ಲ," ಎಂದ. ಹೇಳಿ ಅತ್ತ.

ನಂತರ ಯಾರೋ "ಸ್ತೋತ್ರ" ಎಂದರು. ಎಲ್ಲರೂ ಆಮೆನ್ ಹೇಳಿದರು. ಪಾಸ್ಟರ್ ನನ್ನ ಕಡೆ ಬಾಗಿ, "ಸಿಸ್ಟರ್, ಕೋಪವನ್ನು ಜಯಿಸುವುದು ಅಂತ ಬರೀರಿ, ಸಾಕು" ಎಂದರು. ನಾನು ಹಾಗೇ ಬರೆದೆ. ಹೆಂಡತಿಯ ಸರದಿ ಬಂದಾಗ ಅವಳು "ಸಹಿಸ್ಕೋತೀನಿ" ಎಂದಳು. ನಾನು "ತಾಳ್ಮೆ" ಎಂದು ಬರೆದೆ. ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ವರ್ಷ ಈಸ್ಟರ್ ಭಾನುವಾರ ಹಾಡು ಮುಗಿದ ಮೇಲೆ ಅವಳು ಎಲ್ಲರೆದುರು ಗಂಡನಿಗೆ, "ಶ್ರುತಿ ಸ್ವಲ್ಪ ಕೆಳಗಿಟ್ಟಿದ್ರೆ ನಾವೂ ಹಾಡ್ತಿದ್ವಿ" ಎಂದಳು. ಒಂದಿಬ್ಬರು ನಕ್ಕರು. ಅವನೂ ನಕ್ಕ. ಚಹಾಕ್ಕೆ ಹಿಂದಿನ ಕೋಣೆಯಿಂದ ಎಲೆಕ್ಟ್ರಿಕ್ ಕೆಟಲ್ ತರಲೆಂದು ನಾನು ಹಾಲ್ ಪಕ್ಕದ ಓಣಿಗೆ ಹೋದಾಗ ಅವನು ಅವಳ ಜಡೆಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಮುಖವನ್ನು ಕಿಟಕಿಯ ಕಬ್ಬಿಣದ ಸರಳಿಗೆ ಗುದ್ದಿಸುತ್ತಿದ್ದ. ಅವಸರವಿರಲಿಲ್ಲ. ಒಂದು ಸಲ ಗುದ್ದಿಸಿ, ಹಿಂದಕ್ಕೆಳೆದು, ನೋಡಿ, ಮತ್ತೆ ಗುದ್ದಿಸಿದ. ಅವಳ ಕೆಳತುಟಿ ಸೀಳಿ ಹಲ್ಲು ಕಾಣುತ್ತಿತ್ತು. ಅವಳು ಕೂಗಲಿಲ್ಲ. ಒಳಗೆ ಜನ ಇದ್ದರು.

"ಬಿಡು ಅವಳನ್ನ!" ಎಂದು ನಾನು ಕಿರುಚಿದೆ. ಅವನು ಬಿಟ್ಟು, "ವಂದನೆ ಸಿಸ್ಟರ್" ಎಂದ. ಹಾಗೆಂದದ್ದು ನಿಜ. ಕೈಗೆ ಅಂಟಿದ್ದ ರಕ್ತವನ್ನು ಗೋಡೆಗೆ ಒರೆಸಿ ಒಳಗೆ ಹೋದ.

ಪಾಸ್ಟರಿಗೆ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಅವನು ಹೋರಾಡ್ತಾ ಇದಾನೆ ಸಿಸ್ಟರ್. ಸೈತಾನ ಅಷ್ಟು ಸುಲಭಕ್ಕೆ ಬಿಡಲ್ಲ," ಎಂದರು. ಅವಳು ತುಟಿಗೆ ಹೊಲಿಗೆ ಹಾಕಿಸಿಕೊಂಡಳು, ತಾನು ಕೆಲಸ ಮಾಡುವ ಆಸ್ಪತ್ರೆಯಲ್ಲಲ್ಲ, ಬೇರೆ ಕಡೆ. ಪೊಲೀಸರ ಬಳಿ ಹೋಗೋಣವೆಂದೆ. "ಜನವರಿಯಲ್ಲಿ ದೇವರ ಮುಂದೆ ಹೇಳಿದಾರಲ್ಲ ಅಕ್ಕಾ, ಒಂದು ವರ್ಷ ನೋಡೋಣ," ಎಂದಳು. ನಾನು ಒತ್ತಾಯಿಸಲಿಲ್ಲ.

ಎರಡನೆಯ ಜನವರಿಯಲ್ಲಿ ನಾನು ಅವನ ಸಾಲು ಓದಿದೆ: ಕೋಪವನ್ನು ಜಯಿಸುವುದು. ಅವನು "ಸೋತೆ" ಎಂದು ಮುಂದೆ ಬಂದು ಮಂಡಿಯೂರಿದ. ಆರೇಳು ಜನ ಅವನ ತಲೆ, ಭುಜ, ಬೆನ್ನಿನ ಮೇಲೆ ಕೈಯಿಟ್ಟರು. ಹಿರಿಯರೊಬ್ಬರು ತಮ್ಮ ಕರ್ಚೀಫ್‌ನಿಂದ ಅವನ ಕಣ್ಣೊರೆಸಿದರು. ಅವನ ಕಣ್ಣೀರು ನಟನೆಯಾಗಿತ್ತೆಂದು ನಾನು ಇವತ್ತಿಗೂ ಹೇಳಲಾರೆ. ಪಶ್ಚಾತ್ತಾಪಪಟ್ಟವನಿಗೆ ಕ್ಷಮೆಯುಂಟೆಂದು ನಾನೂ ನಂಬಿದವಳು, ಈಗಲೂ ನಂಬುತ್ತೇನೆ. ಆದರೆ ಆ ಹೊತ್ತು ಹೆಂಗಸರ ಸಾಲಿನಲ್ಲಿ ಕುಳಿತಿದ್ದವಳ ಭುಜದ ಮೇಲೆ ಒಂದು ಕೈಯೂ ಇರಲಿಲ್ಲ. ಹೊಡೆದವನು ಸಭೆಯ ರೋಗಿಯಾಗಿದ್ದ, ಹೊಡೆಸಿಕೊಂಡವಳು ಬರೀ ಅವನ ಹೆಂಡತಿ.

ಅವಳ ಸರದಿಯಲ್ಲಿ, "ಅವರಿಗೆ ಕೋಪ ಬರೋ ಹಾಗೆ ಮಾಡಲ್ಲ" ಎಂದಳು. ನಾನು "ಕುಟುಂಬದಲ್ಲಿ ಸಮಾಧಾನ" ಎಂದು ಬರೆದೆ.

ಆ ವರ್ಷ ಅವನು ಅಂಗೈಯಿಂದ ಹೊಡೆದು ಅವಳ ಎಡಗಿವಿಯ ತಮಟೆ ಹರಿದ. ಮತ್ತೊಂದು ಸಲ ಬಾಗಿಲ ಸಂದಿಯಲ್ಲಿ ಅವಳ ಬೆರಳುಗಳಿರುವಾಗಲೇ ಬಾಗಿಲು ಜಗ್ಗಿದ. ಎರಡು ಬೆರಳು ಮುರಿದವು. ಇಂಜೆಕ್ಷನ್ ಕೊಡುವ ಕೈ ಅದು. ಇವನ್ನು ಅವಳು ನನಗೆ ಮೆಟ್ರೋದಲ್ಲಿ ಹೇಳಿದಳು, ಬಲಗಿವಿ ನನ್ನ ಕಡೆ ತಿರುಗಿಸಿ. "ಸಾಯಿಸ್ತಾರೆ ಅಕ್ಕಾ. ಬೇಕು ಅಂತ ಅಲ್ಲ. ಒಂದಿನ ಲೆಕ್ಕ ತಪ್ಪುತ್ತೆ ಅಷ್ಟೇ," ಎಂದಳು. ನರ್ಸ್‌ನ ಮಾತು ಅದು, ಅಳುವಿನದಲ್ಲ.

ಮೂರನೆಯ ಜನವರಿ. ಹೊರಗೆ ಮಂಜು, ಮಧ್ಯಾಹ್ನ ಮೂರಕ್ಕೇ ಟ್ಯೂಬ್‌ಲೈಟ್ ಹಾಕಿದ್ದೆವು. ಅವನು ಮತ್ತೆ "ಸೋತೆ" ಎಂದ, ಮಂಡಿಯೂರಿದ, ಮತ್ತೆ ಕೈಗಳು ಬಂದವು. ಎದ್ದವನು ಕೀಬೋರ್ಡ್ ಪಕ್ಕದಲ್ಲೇ ನಿಂತ. ಆಮೇಲೆ ಅವಳು ಎದ್ದಳು.

"ಈ ವರ್ಷ ನಾನು ಆ ಮನೆಗೆ ವಾಪಸ್ ಹೋಗಲ್ಲ. ಇವತ್ತಿಂದಲೇ. ಹೇಳಿದ ಹಾಗೇ ಬರ್ಕೊಳ್ಳಿ ಅಕ್ಕಾ."

ಯಾರೂ ಆಮೆನ್ ಹೇಳಲಿಲ್ಲ.

"ಸಿಸ್ಟರ್, ಇದು ತೀರ್ಮಾನ ಅಲ್ಲ, ಹಠ," ಎಂದರು ಪಾಸ್ಟರ್. "ಮುಂದೆ ಬನ್ನಿ. ಎಲ್ಲರೂ ಕಣ್ಣು ಮುಚ್ಚೋಣ. ಈ ಕುಟುಂಬಕ್ಕಾಗಿ ಪ್ರಾರ್ಥಿಸೋಣ."

ಅವಳು ಮುಂದೆ ಹೋದಳು. ಎಲ್ಲರೂ ಕಣ್ಣು ಮುಚ್ಚಿದರು. ನಮ್ಮಲ್ಲಿ ಪ್ರಾರ್ಥನೆಯ ನಡುವೆ ಏನೇ ಸದ್ದಾದರೂ ಕಣ್ಣು ತೆರೆಯುವುದಿಲ್ಲ. ಚಿಕ್ಕಂದಿನಿಂದ ತಲೆಗೆ ಮೊಟಕಿ ಕಲಿಸಿದ ಶಿಸ್ತು ಅದು. ನಾನು ಮಾತ್ರ ಮುಚ್ಚಲಿಲ್ಲ, ಬರೆಯುತ್ತಿದ್ದೆ. ಅವಳ ವಾಕ್ಯವನ್ನು ಮೊದಲ ಸಲ ಪೂರ್ತಿಯಾಗಿ ಬರೆಯುತ್ತಿದ್ದೆ.

ತಲೆಯೆತ್ತಿದಾಗ ಮೈಕ್ ಸ್ಟ್ಯಾಂಡ್ ಅವನ ಎರಡೂ ಕೈಯಲ್ಲಿತ್ತು. ಕಬ್ಬಿಣದ ದುಂಡನೆಯ ಬುಡ ಮೇಲಕ್ಕಿತ್ತು. ಅದು ಅವಳ ಎತ್ತಿದ ಮುಂಗೈಯ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಕೇಳಿಸಿತು. ಕೈ ಜೋತುಬಿತ್ತು. ಎರಡನೆಯದು ಕಿವಿಯ ಮೇಲ್ಭಾಗಕ್ಕೆ. ಅವಳು ಬಿದ್ದಳು. ಬಿದ್ದವಳ ಪಕ್ಕೆಗೆ ಮೂರನೆಯದು. ಪಾಸ್ಟರ್ ಇನ್ನೂ ಪ್ರಾರ್ಥಿಸುತ್ತಿದ್ದರು, ದನಿ ಏರಿಸಿದ್ದರು. ನಾನು ಕುರ್ಚಿ ಕೆಡವಿ ಓಡಿ ಅವನ ಬೆನ್ನಿಗೆ ಬಿದ್ದೆ. ನನ್ನ ಮೂಗಿಗೆ ಅವನ ಮೊಣಕೈ ತಗುಲಿತು. ಆಗ ಜನ ಕಣ್ಣು ಬಿಟ್ಟರು.

ನಾಲ್ಕು ಗಂಡಸರು ಅವನನ್ನು ಹಿಡಿದು ಕುರ್ಚಿಯ ಮೇಲೆ ಕೂರಿಸಿದರು. ಅವನು ಅಳತೊಡಗಿದ. ಒಬ್ಬರು ಅವನಿಗೆ ನೀರು ಕೊಟ್ಟರು. ಸಕ್ಕರೆಯ ಆಂಟಿ ಮೊಣಕಾಲು ಮರೆತು ನೆಲಕ್ಕೆ ಕುಳಿತು ತಮ್ಮ ಶಾಲನ್ನು ಅವಳ ತಲೆಗೆ ಒತ್ತಿಹಿಡಿದಿದ್ದರು. "ಅವನಿಗೆ ನೀರು ಕುಡಿಸ್ತೀರಲ್ಲೋ, ಗಾಡಿ ತರ್ರೋ ಮೊದಲು!" ಎಂದು ಬೈಯುತ್ತಿದ್ದರು.

ಆಸ್ಪತ್ರೆಯವರು ಠಾಣೆಗೆ ತಿಳಿಸಿದರು. ಪೊಲೀಸರು ಹಾಲ್‌ಗೆ ಬಂದು ಒಬ್ಬೊಬ್ಬರನ್ನೇ ಕೇಳಿದಾಗ ಸಿಕ್ಕ ಉತ್ತರ ಒಂದೇ: ಪ್ರಾರ್ಥನೆಯಲ್ಲಿದ್ದೆವು, ಕಣ್ಣು ಮುಚ್ಚಿತ್ತು, ನೋಡಲಿಲ್ಲ. ಯಾರೂ ಸುಳ್ಳು ಹೇಳಲಿಲ್ಲ. ಸ್ಟ್ಯಾಂಡ್ ವಾಲಿ ಬಿದ್ದಿರಬಹುದು ಎಂದು ಒಬ್ಬರು ಸೇರಿಸಿದರು, ಅಷ್ಟೆ. ಅವನೂ ಅದನ್ನೇ ಹೇಳಿದ್ದ. ಅವಳು ಇನ್ನೂ ಹೇಳಿಕೆ ಕೊಡುವ ಸ್ಥಿತಿಯಲ್ಲಿರಲಿಲ್ಲ. ಅಪಘಾತವೆಂದು ಬರೆದುಕೊಂಡರೆ ಅವನು ಅಂದೇ ಮನೆಗೆ ಹೋಗುತ್ತಾನೆ, ಗಾಯ ಮಾಗಿದ ಮೇಲೆ ಅವಳನ್ನೂ ಕರೆದೊಯ್ಯುತ್ತಾನೆ. ಅದು ಎಲ್ಲರಿಗೂ ಗೊತ್ತಿತ್ತು.

ಪಾಸ್ಟರ್ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು. "ಸಿಸ್ಟರ್, ನಮ್ಮ ಪ್ರಾರ್ಥನೆ ಸಭೆಗಳ ಮೇಲೆ ಜನ ಮೊದಲೇ ಕಣ್ಣಿಟ್ಟಿದಾರೆ. ಪೊಲೀಸ್ ಕೇಸ್ ಆದ್ರೆ ಹಿಂದಿಯವರು ಹಾಲ್ ಕೊಡಲ್ಲ. ಮೂವತ್ತು ಜನ ಎಲ್ಲಿಗೆ ಹೋಗಬೇಕು?" ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

"ಗೊತ್ತಿಲ್ಲ ಪಾಸ್ಟರ್," ಎಂದು ಹೇಳಿ ಠಾಣೆಗೆ ಹೋದೆ.

ತನಿಖಾಧಿಕಾರಿ ನನ್ನ ಊದಿದ ಮೂಗು ನೋಡಿ ಕುರ್ಚಿ ತೋರಿಸಿದರು. ಇದಕ್ಕೆ ಮೊದಲು ಹೊಡೆದದ್ದುಂಟೇ, ಏನಾದರೂ ಬರಹದಲ್ಲಿದೆಯೇ ಎಂದು ಕೇಳಿದರು. ನಾನು ತೀರ್ಮಾನಗಳ ಪುಸ್ತಕ ತೆರೆದು ಮೊದಲೆರಡು ವರ್ಷದ ಸಾಲುಗಳನ್ನು ಹಿಂದಿಗೆ ಅನುವಾದಿಸಿ ಓದಿದೆ: ಕೋಪವನ್ನು ಜಯಿಸುವುದು. ತಾಳ್ಮೆ. ಕುಟುಂಬದಲ್ಲಿ ಸಮಾಧಾನ.

"ಇಸ್ಮೇ ತೋ ಕುಛ್ ನಹೀ ಹೈ, ಮೇಡಂ," ಎಂದರು ಅವರು. "ಗುಸ್ಸಾ ತೋ ಸಬ್‌ಕೋ ಆತಾ ಹೈ."

ಹೌದು, ಕೋಪ ಎಲ್ಲರಿಗೂ ಬರುತ್ತದೆ, ಅದರಲ್ಲಿ ಏನೂ ಇರಲಿಲ್ಲ. ಇರದ ಹಾಗೆ ಬರೆದವಳು ನಾನು. ಅದನ್ನೂ ಹೇಳಿದೆ. ಯಾವ ಸಾಲಿನ ಹಿಂದೆ ಯಾವ ಮಾತಿತ್ತು, ಯಾರು ಆಡಿದ್ದರು, ಓಣಿಯ ಸರಳಿನ ಬಳಿ ಕಂಡದ್ದೇನು, ಮೈಕ್ ಸ್ಟ್ಯಾಂಡ್ ಹೇಗೆ ಹಿಡಿದಿದ್ದ, ಎಲ್ಲವನ್ನೂ ಒಂದೂವರೆ ಗಂಟೆ ಹೇಳಿದೆ. ಅವರು ಬರೆದರು. ಓದಿಸಿಕೊಂಡು ಸಹಿ ಮಾಡಿದೆ.

ಮರುದಿನ ಬೆಳಿಗ್ಗೆ ವಾರ್ಡಿಗೆ ಹೋದೆ. ಅವಳ ತಲೆಗೆ ಹದಿನೇಳು ಹೊಲಿಗೆ, ಕೈಗೆ ಪ್ಲಾಸ್ಟರ್, ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಬಲಗಿವಿಯ ಕಡೆ ಕುಳಿತೆ.

"ಹೇಳಿದ್ರಾ?"

"ಹೇಳಿದೆ."

"ಎಷ್ಟು ಸಲ ಹೊಡೆದ್ರು ಅಂತ ಬರೆಸಿದ್ರಿ?"

"ಮೂರು."

"ನಾಲ್ಕು," ಎಂದಳು. "ಮೊದಲನೇದು ಹಿಂದೆಯಿಂದ, ಬೆನ್ನಿಗೆ. ಆಗ ನೀವು ಬರೀತಾ ಇದ್ರಿ."

ನಾಲ್ಕು ಎಂದು ತಿದ್ದಿಸಿಬಿಡಲೇ ಎಂಬ ಯೋಚನೆ ಬಂತು. "ನಾನು ನೋಡಿದ್ದು ಮೂರೇ," ಎಂದೆ.

"ಅಚ್ಛಾ. ನೀವು ಅಷ್ಟೇ ಹೇಳಿ," ಎಂದಳು. "ನಾಲ್ಕನೇದು ನಾನೇ ಹೇಳ್ತೀನಿ. ಆ ಪೊಲೀಸ್‌ನವರು ಎಷ್ಟು ಗಂಟೆಗೆ ಬರ್ತಾರಂತೆ?"

ಹನ್ನೊಂದಕ್ಕೆ ಎಂದೆ. ದಿಂಬು ಎತ್ತರಿಸಿ ತನ್ನನ್ನು ಕೂರಿಸಲು ಹೇಳಿದಳು. ಮಲಗಿಕೊಂಡು ಹೇಳಲ್ಲ ಎಂದಳು.